ಖಾಲಿ ಬಿಟ್ಟ ಕಲಮು

ಬಿ.ಎ. ಓದುವವನಿಗೆ ಗಣಕಯಂತ್ರದ ಭಾಷೆ ಏತಕ್ಕೆಂದು ಮಿತ್ರರು ಕೇಳುವುದುಂಟು. ಪಾಂಡವಪುರದ ಕಡೆ ನಮ್ಮ ಸೋದರಮಾವನವರ ಆಲೆಮನೆಯಿದೆ. ಶ್ರೀರಂಗಪಟ್ಟಣ, ಕೆ.ಆರ್. ಪೇಟೆಗಳ ಕಡೆಯಿಂದಲೂ ಕಬ್ಬು ಬರುತ್ತದೆ. ರೈತರ ಲೆಕ್ಕಕ್ಕೆ ರೂಬಿ ಭಾಷೆಯಲ್ಲಿ ಯಾರೋ ಬರೆದುಕೊಟ್ಟ ಪ್ರೋಗ್ರಾಮೊಂದಿದೆ. ಅದನ್ನು ನೋಡಿಕೊಳ್ಳುವ ಕೆಲಸ ಈಗ ನನ್ನದು. ಜಪಾನಿನ ಯುಕಿಹಿರೊ ಮಾತ್ಸುಮೊಟೊ ಅವರು ಈ ಭಾಷೆಯನ್ನು 1995ರಲ್ಲಿ ಹೊರತಂದರು.

ಒಬ್ಬೊಬ್ಬ ರೈತನೂ ಅದರಲ್ಲಿ ಒಂದೊಂದು ಆಬ್ಜೆಕ್ಟ್. ತೂಕ, ಮುಂಗಡ, ಕಟಾವು ಕೂಲಿ, ಗಾಡಿ ಬಾಡಿಗೆ ಇವೆಲ್ಲ ಅದರ ಸ್ವಂತ ಚರಗಳು, ಎಂದರೆ ಇನ್‌ಸ್ಟೆನ್ಸ್ ವೇರಿಯಬಲ್‌ಗಳು. ರೂಬಿ ಬಲು ಧಾರಾಳಿ. ಬೇಕಾದಾಗ ಚರವನ್ನು ಹುಟ್ಟಿಸಿಕೊಳ್ಳಬಹುದು. ಹೀಗಾಗಿ ಮುಂಗಡ ಪಡೆದವನ ಚರಗಳ ಸಾಲು ಒಂದು ಬಗೆ, ಪಡೆಯದವನದು ಇನ್ನೊಂದು. ತೂಕಕ್ಕೆ ಮೊದಲೇ ಬಾಡಿಗೆ ಬರೆದರೆ ಮತ್ತೊಂದು.

2022ರ ಡಿಸೆಂಬರಿನಲ್ಲಿ ಬಂದ 3.2ನೆಯ ಆವೃತ್ತಿಯಿಂದ ರೂಬಿ ಈ ಸಾಲನ್ನು 'ಶೇಪ್', ಆಕಾರ, ಎಂದು ನೆನಪಿಟ್ಟುಕೊಳ್ಳುತ್ತದೆ. ಆಕಾರ ಒಂದೇ ಆದರೆ ಮುಂಗಡ ಎಷ್ಟನೆಯ ಮನೆಯಲ್ಲಿದೆಯೆಂದು ಪುನಃ ಹುಡುಕಬೇಕಾಗಿಲ್ಲ. ಮರುವರ್ಷದ 3.3ರಲ್ಲಿ ಎಚ್ಚರಿಕೆಯೂ ಬಂತು: ಒಂದು ಕ್ಲಾಸಿನ ಆಕಾರಗಳು 8ಕ್ಕೆ ಮುಟ್ಟಿದವು, ಇನ್ನು ಓದುವುದು ನಿಧಾನ, ಮೆಮೊರಿಯ ಖರ್ಚೂ ಹೆಚ್ಚು, ಚರಗಳನ್ನು ಒಂದೇ ಕ್ರಮದಲ್ಲಿ ಬರೆ, ಇಲ್ಲವೆ 'ಇನಿಷಿಯಲೈಸ್'ನಲ್ಲೇ ಎಲ್ಲವನ್ನೂ ಇಡು, ಎಂದು. ಕೇಳಿಕೊಂಡವರಿಗೆ ಮಾತ್ರ ಅದು ಈ ಮಾತು ಹೇಳುತ್ತದೆ. ನಾನು ಕೇಳಿಕೊಂಡೆ; ಹೇಳಿತು.

ನಮ್ಮಂಥ ಸಣ್ಣ ಲೆಕ್ಕದಲ್ಲಿ ಆ ನಿಧಾನ ಕಣ್ಣಿಗೆ ಬೀಳದು. ಕೊಪ್ಪರಿಗೆಯ ಹಾಲೇನೂ ಅದಕ್ಕಾಗಿ ಕಾಯುತ್ತಿಲ್ಲ! ನನ್ನನ್ನು ಕಾಡಿದ್ದು ಬೇರೆ. ಬರೆಯದ ಚರವನ್ನು ಓದಿದರೆ ರೂಬಿ ತಕರಾರಿಲ್ಲದೆ 'ನಿಲ್' ಎಂದುಬಿಡುತ್ತದೆ. ಹಿಂದೆ, ಎಚ್ಚರಿಕೆ ಬೇಕೆಂದವರಿಗಾದರೂ ಗೊಣಗುತ್ತಿತ್ತು, 2020ರ 3.0ರಿಂದ ಅದೂ ನಿಂತಿತು. ಹಾಗಾದರೆ ಈತ ಮುಂಗಡ ಪಡೆದಿಲ್ಲವೋ, ಪಡೆದದ್ದನ್ನು ಬರೆದಿಲ್ಲವೋ? ನಾಗಮಂಗಲದ ಕಡೆಯ ಅಜ್ಜನವರೊಬ್ಬರು, ನಮ್ಮ ತಂದೆಯವರಂತೆಯೇ ಹೆಬ್ಬೆಟ್ಟಿನವರು, ಚೀಟಿಯ ಮೇಲೆ ಬೆರಳಿಟ್ಟು "ಏನೂ ಇಲ್ದಿದ್ರೆ ಸೊನ್ನೆ ಹಾಕು ಮಗ, ಖಾಲಿ ಬುಡಬ್ಯಾಡ" ಎಂದರು. ಓದಲು ಬಾರದವರಿಗೆ ಖಾಲಿ ಕಲಮಿನ ಭಯ ಎಷ್ಟೆಂಬುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು.

ಇನಿಷಿಯಲೈಸ್‌ನಲ್ಲಿ ನಾಲ್ಕು ಸಾಲು ಸೇರಿಸಿದೆ. ತೂಕಕ್ಕೆ ನಿಲ್: ಗಾಡಿ ಇನ್ನೂ ತೂಗಿಲ್ಲವೆಂದು. ನಿಲ್ ಎಂದೇ ಬರೆದಿಟ್ಟರೂ ಮನೆ ಮೀಸಲಾಗುತ್ತದೆ, ಆಕಾರ ಕೆಡುವುದಿಲ್ಲ. ಮುಂಗಡಕ್ಕೂ ಸದ್ಯಕ್ಕೆ ನಿಲ್. ಅದನ್ನು ಸೊನ್ನೆಯಾಗಿಸುವ ಮುನ್ನ ಮಾವನವರೂ ನಾನೂ ಹಳೆಯ ಲೆಕ್ಕದ ಪುಸ್ತಕ ಹಿಡಿದು ಎರಡು ಸಂಜೆ ಕುಳಿತು, ಒಬ್ಬೊಬ್ಬರನ್ನೂ ಕರೆದು ಕೇಳಿದೆವು. ಮೂವರ ಮಾತು ಪುಸ್ತಕಕ್ಕೆ ಇನ್ನೂ ಹೊಂದಿಲ್ಲ. ಅವರ ಮನೆಗಳಲ್ಲಿ ನಿಲ್ ಹಾಗೆಯೇ ಇದೆ.