ಪಹಣಿ ಯಾರ ಹೆಸರಲ್ಲಿದೆ?

ಈಗಷ್ಟೇ ಊರಿಂದ ಬಸ್ಸು ಹತ್ತಿದೆ. ನಮ್ಮ ಪಕ್ಕದ ಹೊಲ ಗುತ್ತಿಗೆಗೆ ಮಾಡೋ ಅಣ್ಣ ಸ್ಟ್ಯಾಂಡಲ್ಲಿ ಸಿಕ್ಕಿದ್ರು. "ರಾಗಿ ಖರೀದಿ ಕೇಂದ್ರಕ್ಕೆ ಹಾಕಲಿಲ್ವಾ ಅಣ್ಣ?" ಅಂದೆ. "ಪಹಣಿ ಕೇಳ್ತಾರಲ್ಲಪ್ಪ, ನನ್ನ ಹೆಸರಲ್ಲೆಲ್ಲೈತೆ? ಬಂದಷ್ಟಕ್ಕೆ ಹೊರಗೇ ಮಾರ್ದೆ" ಅಂದ್ರು.

ಉತ್ತೋರು ಅವರು, ಬಿತ್ತಿದೋರು ಅವರು, ಗೊಬ್ಬರಕ್ಕೆ ಸಾಲ ಮಾಡಿದೋರೂ ಅವರೇ. 1974ರ ಭೂಸುಧಾರಣೆ ಎಷ್ಟೋ ಗೇಣಿದಾರರಿಗೆ ಭೂಮಿ ಕೊಟ್ಟಿತು, ದೊಡ್ಡ ಕೆಲಸ ಅದು. ಗೇಣಿಯನ್ನೇ ನಿಷೇಧಿಸಿತು ಕೂಡ. ಹಾಗಾಗಿ ಇವತ್ತಿನ ಗುತ್ತಿಗೆ ಬಾಯಿಮಾತಲ್ಲೇ ನಡೆಯುತ್ತೆ. ಕಿಸಾನ್ ಸಮ್ಮಾನ್‌ನ ವರ್ಷದ 6000 ರೂಪಾಯಿಯೂ ಜಮೀನು ಹೆಸರಲ್ಲಿರೋರಿಗೇ. ಬೆಳೆ ಒಣಗಿದ ನಷ್ಟ ಮಾತ್ರ ಅಣ್ಣಂದು.

ನಿಮ್ಮೂರಲ್ಲೂ ಹೀಗೇನಾ? ಹೊಲ ಗುತ್ತಿಗೆಗೆ ಕೊಟ್ಟಿರೋರು ಓದ್ತಿದ್ರೆ ಒಂದು ಮಾತು: ಬೆಳೆ ಪರಿಹಾರ ನಿಮ್ಮ ಖಾತೆಗೆ ಬಂದ್ರೆ, ಬೆಳೆದೋರಿಗೆ ಕೊಟ್ಟುಬಿಡಿ.