ಕುಟ್ಟನಾಡಿನ ಕಿತ್ತಳೆ ಹಳದಿ

ಆಲಪ್ಪುಳದಿಂದ ಚಂಗನಾಶ್ಶೇರಿಗೆ ಹೊರಟ ಬಸ್ಸು ಊರು ದಾಟುತ್ತಲೇ ರಸ್ತೆಯ ಎರಡೂ ಬದಿಗೆ ನೀರು ಕಾಣತೊಡಗುತ್ತದೆ. ವಿಚಿತ್ರವೆಂದರೆ ಇಲ್ಲಿ ನೀರು ಮೇಲೆ, ಗದ್ದೆ ಕೆಳಗೆ! ವೇಂಬನಾಡು ಕಾಯಲಿನ ಸುತ್ತ ಹರಡಿದ ಕುಟ್ಟನಾಡಿನ ಎಷ್ಟೋ ಗದ್ದೆಗಳು ಸಮುದ್ರ ಮಟ್ಟಕ್ಕಿಂತ ಒಂದೆರಡು ಮೀಟರ್ ತಗ್ಗಿನಲ್ಲಿವೆ. ಸುತ್ತಲೂ ಒಡ್ಡು ಕಟ್ಟಿ, ಒಳಗಿನ ನೀರನ್ನು ಪಂಪಿನಿಂದ ಹೊರಚೆಲ್ಲಿ ಭತ್ತ ಬೆಳೆಯುತ್ತಾರೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2013ರಲ್ಲಿ ಈ ಬೇಸಾಯವನ್ನು ಜಗತ್ತಿನ ಕೃಷಿ ಪರಂಪರೆಗಳ ಪಟ್ಟಿಗೆ ಸೇರಿಸಿತು.

ದೋಣಿಮನೆಯ ಮೋಜಿಗೆ ಬರುವವರ ಕಣ್ಣಿಗೆ ಹೆಚ್ಚಾಗಿ ಬೀಳದ ಇನ್ನೊಂದು ಕಸುಬು ಇಲ್ಲಿದೆ. ಕೊಯ್ಲು ಮುಗಿದ ಗದ್ದೆಗೆ ಸಾವಿರಾರು ಬಾತುಕೋಳಿಗಳು ಇಳಿಯುತ್ತವೆ. ಮಲಯಾಳದಲ್ಲಿ ಇವು ತಾರಾವು. ಕಪ್ಪು-ಬೂದು ಛಾಯೆಯದು ಚಾರ, ಕಂದು ಬಣ್ಣದ್ದು ಚೆಂಬಳ್ಳಿ. ಉದುರಿದ ಕಾಳು, ಬಸವನಹುಳು, ಸಣ್ಣ ಸಿಗಡಿ, ಎಳೆಯ ಕಳೆ, ಎಲ್ಲವೂ ಇವಕ್ಕೆ ಆಹಾರ. ಕಾಯುವವರು ಉದ್ದನೆಯ ಕೋಲು ಹಿಡಿದು ಚಿಕ್ಕ ದೋಣಿಯಲ್ಲಿ ಹಿಂಬಾಲಿಸುತ್ತಾರೆ. ಬಾತು ಮೊಟ್ಟೆಯಿಡುವುದು ಹೆಚ್ಚಾಗಿ ಬೆಳಗಿನ ಜಾವ. ಅಷ್ಟು ಹೊತ್ತಿಗೇ ಹಿಂಡನ್ನು ಬಿಟ್ಟರೆ ಮೊಟ್ಟೆ ಕೆಸರಿನ ಪಾಲು. ಹಾಗಾಗಿ ಬಿಸಿಲೇರುವವರೆಗೆ ಬೇಲಿಯೊಳಗೇ ಇರಬೇಕು.

ಈ ಮೊಟ್ಟೆಯನ್ನು ಒಡೆದು ತಟ್ಟೆಗೆ ಹಾಕಿದರೆ ಅಂಗಡಿಯ ಕೋಳಿಮೊಟ್ಟೆ ಕಂಡವರಿಗೆ ಅಚ್ಚರಿಯಾಗುತ್ತದೆ. ಹಳದಿ ಭಾಗ ಹಳದಿಯಲ್ಲ, ಕಿತ್ತಳೆ! ಹಕ್ಕಿಯ ದೇಹ ಈ ಬಣ್ಣವನ್ನು ತಾನೇ ತಯಾರಿಸಲಾರದು. ಹಸಿರು ಸೊಪ್ಪು, ಪಾಚಿ, ಸಿಗಡಿಗಳಲ್ಲಿರುವ ಕ್ಯಾರೊಟಿನಾಯ್ಡ್ ಎಂಬ ವರ್ಣದ್ರವ್ಯ ಹೊಟ್ಟೆಗೆ ಹೋಗಿ, ಕೊಬ್ಬಿನೊಡನೆ ಹಳದಿ ಭಾಗ ಸೇರುತ್ತದೆ. ಅದೇ ಬಾತನ್ನು ಕೂಡಿಹಾಕಿ ಬರಿಯ ನುಚ್ಚಕ್ಕಿ ಹಾಕಿದರೆ ಕೆಲವೇ ವಾರಗಳಲ್ಲಿ ಬಣ್ಣ ಪೇಲವ. ಆದ್ದರಿಂದ ಕಡುಬಣ್ಣ ಕಂಡೊಡನೆ 'ಇದರಲ್ಲಿ ಶಕ್ತಿ ಜಾಸ್ತಿ' ಎಂದು ತಾಯಂದಿರು ನಂಬಬೇಕಾಗಿಲ್ಲ. ಬಣ್ಣ ಹೇಳುವುದು ಹಕ್ಕಿ ತಿಂದದ್ದರ ಕಥೆಯನ್ನು ಮಾತ್ರ. ನಮ್ಮ ಗುಂಡ್ಲುಪೇಟೆಯ ಕಡೆ ರಸ್ತೆ ಬದಿಯ ಹೊಲಗಳಲ್ಲಿ ಅರಳುವ ಚೆಂಡುಹೂವಿನ ಸಾರವನ್ನು ಕೋಳಿ ಆಹಾರಕ್ಕೆ ಬೆರೆಸುವುದೂ ಈ ಬಣ್ಣಕ್ಕಾಗಿಯೇ. ಹೂವು ದೇವರ ತಲೆಗೇ ಹೋಗುತ್ತದೆಂದು ಯಾರು ಹೇಳಿದರು?

ಗಾತ್ರದಲ್ಲೂ ಬಾತಿನದೇ ಮೇಲುಗೈ. ಕೋಳಿಮೊಟ್ಟೆ ಸುಮಾರು 55 ಗ್ರಾಂ ತೂಗಿದರೆ ಇದು 65ರಿಂದ 70. ಗಿನಿಕೋಳಿಯದು 40ರ ಆಸುಪಾಸು, ಟರ್ಕಿಯದು 80, ಹೆಬ್ಬಾತಿನದು 140 ದಾಟುವುದುಂಟು. ಜಪಾನಿ ಗೌಜಲ ಹಕ್ಕಿಯದು ಹತ್ತು-ಹನ್ನೆರಡು ಗ್ರಾಂ ಅಷ್ಟೇ. ಚಿಪ್ಪಿನ ವಿಷಯದಲ್ಲಿ ಮಾತ್ರ ಪುಟ್ಟ ಗಿನಿಕೋಳಿಯೇ ಗಟ್ಟಿಗಿತ್ತಿ. ಅದರ ಚಿಪ್ಪು ಅರ್ಧ ಮಿಲಿಮೀಟರಿನಷ್ಟು ದಪ್ಪ. ಗೌಜಲದ್ದು ಅದರ ಅರ್ಧವೂ ಇಲ್ಲ. ಬಾತಿನ ಮೊಟ್ಟೆಯ ಮೂರನೆಯ ಒಂದು ಭಾಗ ಹಳದಿಯೇ ಇರುತ್ತದೆ, ಕೋಳಿಯದರಲ್ಲಿ ಅದು ತುಸು ಕಡಿಮೆ. ಅಪ್ಪಂ ಜೊತೆ ಬಡಿಸುವ ತಾರಾವಿನ ಮೊಟ್ಟೆ ಕರಿ ಅಷ್ಟು ಜಿಡ್ಡಾಗಿ ಇರುವುದಕ್ಕೆ ಇದೂ ಒಂದು ಕಾರಣ. ಕೆಸರಿನ ಸಹವಾಸದ ಮೊಟ್ಟೆಯಾದ್ದರಿಂದ ಚೆನ್ನಾಗಿ ಬೇಯಿಸಿಯೇ ತಿನ್ನಬೇಕು.

ಮೊಟ್ಟೆ ತಾಜಾ ಹೌದೋ ಅಲ್ಲವೋ ಎಂದು ತಿಳಿಯಲು ವಿಜ್ಞಾನಿಗಳು ಬಳಸುವ ಒಂದು ಅಳತೆಯನ್ನು ಶಾಲೆಯ ಮಕ್ಕಳೂ ಮಾಡಬಹುದು. ಚಪ್ಪಟೆ ತಟ್ಟೆಯ ಮೇಲೆ ಒಡೆದು, ಹಳದಿ ಗುಂಡಿನ ಎತ್ತರವನ್ನು ಅದರ ಅಗಲದಿಂದ ಭಾಗಿಸಬೇಕು. ತಾಜಾ ಕೋಳಿಮೊಟ್ಟೆಯಲ್ಲಿ ಉತ್ತರ 0.4ರ ಮೇಲಿರುತ್ತದೆ. ದಿನ ಕಳೆದಂತೆ ಬಿಳಿ ಲೋಳೆಯ ನೀರು ಹಳದಿಗೆ ಇಳಿದು, ಅದರ ಪೊರೆ ಸಡಿಲಗೊಂಡು ಗುಂಡು ಚಪ್ಪಟೆಯಾಗುತ್ತದೆ, ಸಂಖ್ಯೆ ಕುಸಿಯುತ್ತದೆ. ಬಿಳಿ ಲೋಳೆಯ ಎತ್ತರವನ್ನೂ ಮೊಟ್ಟೆಯ ತೂಕವನ್ನೂ ಸೇರಿಸಿ ಲೆಕ್ಕ ಹಾಕುವ ವಿಧಾನವನ್ನು ಅಮೆರಿಕದ ರೇಮಂಡ್ ಹಾ 1937ರಲ್ಲಿ ಕೊಟ್ಟ. ಕುಟ್ಟನಾಡಿನ ಸೆಕೆಯಲ್ಲಿ ಈ ಇಳಿಕೆ ಬೇಗ. ಮೊಟ್ಟೆ ಹೆಕ್ಕಿದವರು ಸಂತೆಗೆ ಧಾವಿಸುವುದು ಸುಮ್ಮನೆ ಅಲ್ಲ.

ಆದರೆ ಇಲ್ಲಿನವರನ್ನು ನಿದ್ದೆಗೆಡಿಸುವುದು ಸೆಕೆಯಲ್ಲ, ಹಕ್ಕಿಜ್ವರ. ಚಳಿಗಾಲದಲ್ಲಿ ದೂರದ ದೇಶಗಳಿಂದ ನೀರುಹಕ್ಕಿಗಳು ಇದೇ ಕಾಯಲಿಗೆ, ಇದೇ ಗದ್ದೆಗೆ ಬರುತ್ತವೆ. ಬಯಲಿನಲ್ಲಿ ಮೇಯುವ ಬಾತು ಅವುಗಳ ನೆರೆಯಲ್ಲೇ ಓಡಾಡುತ್ತದೆ. ಮೊಟ್ಟೆಗೆ ಬಣ್ಣ ಕೊಡುವ ಬಯಲೇ ರೋಗಕ್ಕೂ ದಾರಿ! 2014, 2016, 2021, 2024 ಹೀಗೆ ಮತ್ತೆ ಮತ್ತೆ ರೋಗ ಬಂದು, ರೋಗವಿಲ್ಲದ ಹಿಂಡುಗಳನ್ನೂ ಸುತ್ತಲ ವಲಯದಲ್ಲಿ ಕೊಂದು ಸುಡಬೇಕಾಯಿತು. 2024ರಲ್ಲಂತೂ ಆಲಪ್ಪುಳ ಜಿಲ್ಲೆಯಲ್ಲಿ ಡಿಸೆಂಬರ್ 31ರವರೆಗೆ ಕೋಳಿ-ಬಾತು ಸಾಕಣೆಗೇ ನಿರ್ಬಂಧ ಬಿತ್ತು. ಸಾಲ ಮಾಡಿ ಮರಿ ತಂದವರ ಮನೆಯಲ್ಲಿ ಮಕ್ಕಳ ಶಾಲೆಯ ಖರ್ಚೂ ಆ ಹಿಂಡಿನಿಂದಲೇ ಹುಟ್ಟಬೇಕು. 2021ರಲ್ಲಿ ಕೇರಳ ಸರ್ಕಾರ ಗೊತ್ತುಮಾಡಿದ ಪರಿಹಾರ ಹೀಗಿತ್ತು: ಎರಡು ತಿಂಗಳು ದಾಟಿದ ಬಾತಿಗೆ 200 ರೂಪಾಯಿ, ಅದಕ್ಕಿಂತ ಚಿಕ್ಕದಕ್ಕೆ 100, ನಾಶ ಮಾಡಿದ ಮೊಟ್ಟೆಯೊಂದಕ್ಕೆ 5 ರೂಪಾಯಿ.