ಗುತ್ತೇದಾರ ಎಂಬ ಹೆಸರಿನ ಸೀಮೆ

ಜೇವರ್ಗಿಯಲ್ಲಿ ಜೇವರ್ಗಿ ಎಂಬ ಅಡ್ಡಹೆಸರಿನ ಮನೆ ಹುಡುಕಲು ಹೊರಟರೆ ಕಾಲು ನೋಯುತ್ತದೆ, ಮನೆ ಸಿಗುವುದು ಕಷ್ಟ. ಆ ಹೆಸರಿನವರು ಬೇರೆ ಊರುಗಳಲ್ಲಿರುತ್ತಾರೆ. ವೃತ್ತಿ ರಂಗಭೂಮಿಯ ರಾಜಣ್ಣ ಜೇವರ್ಗಿಯವರ ಹೆಸರು ನಾಟಕದ ಡೇರೆ ಬಿದ್ದಲ್ಲೆಲ್ಲ ಕೇಳುತ್ತದೆ. ಊರೊಳಗಿದ್ದವನಿಗೆ ಊರ ಹೆಸರು ಯಾಕೆ ಬೇಕು? ಎಲ್ಲರೂ ಅದೇ ಊರಿನವರಾದಾಗ ಅದರಿಂದ ಯಾರನ್ನೂ ಗುರುತಿಸಲಾಗುವುದಿಲ್ಲ. ಊರು ಬಿಟ್ಟು ಇನ್ನೊಂದು ಊರಿಗೆ ಹೋದ ದಿನ ಅಲ್ಲಿಯವರು ಕರೆಯಲು ಶುರುಮಾಡುತ್ತಾರೆ: ಜೇವರ್ಗಿಯವರು ಬಂದರು, ಜೇವರ್ಗಿಯವರ ಅಂಗಡಿ. ಮೊಮ್ಮಕ್ಕಳ ಕಾಲಕ್ಕೆ ಅದು ಸಾಲೆಯ ದಾಖಲೆಗೆ ಇಳಿದು ಅಡ್ಡಹೆಸರಾಗಿ ಕೂತುಬಿಡುತ್ತದೆ.

ಮರಾಠಿಯ ಗಾಳಿ ಬೀಸುವ ಕಡೆ ಇದಕ್ಕೊಂದು ‘ಕರ’ ಸೇರುತ್ತದೆ. ಆಳಂದದಿಂದ ಉಮರ್ಗಾ, ಅಕ್ಕಲಕೋಟೆ ಎಷ್ಟು ದೂರ! ಹೈದರಾಬಾದ್ ಸಂಸ್ಥಾನದ ವಿಮೋಚನೆಯ ಹೋರಾಟ ನಡೆಸಿದ ಸ್ವಾಮಿ ರಮಾನಂದ ತೀರ್ಥರು 1903ರಲ್ಲಿ ಹುಟ್ಟಿದಾಗ ವೆಂಕಟೇಶ ಭಗವಾನರಾವ್ ಖೇಡಗಿಕರ ಆಗಿದ್ದರು. ಖೇಡಗಿಯವರು, ಅಷ್ಟೇ ಅದರ ಅರ್ಥ. ಸಂನ್ಯಾಸ ತೆಗೆದುಕೊಂಡಾಗ ಹೆಸರೂ ಹೋಯಿತು, ಅದರ ಬೆನ್ನಿಗಿದ್ದ ಊರೂ ಹೋಯಿತು. ಇವರನ್ನು ಇಲ್ಲಿ ನೆನೆದುದಕ್ಕೆ ಇನ್ನೊಂದು ಕಾರಣವಿದೆ, ಅದನ್ನು ಆಮೇಲೆ ಹೇಳುತ್ತೇನೆ.

ಊರಿನಿಂದ ಬಂದ ಹೆಸರು ಹೀಗೆ ಊರು ಬಿಟ್ಟು ತಿರುಗುತ್ತದೆ. ಕೆಲವು ಹೆಸರುಗಳು ಮಾತ್ರ ಹುಟ್ಟಿದ ಸೀಮೆ ಬಿಟ್ಟು ಕದಲುವುದಿಲ್ಲ. ಅಂಥದೊಂದರ ಬೆನ್ನು ಹತ್ತಿ ನಾನು ಎಷ್ಟೋ ವರ್ಷಗಳಿಂದ ತಿರುಗುತ್ತಿದ್ದೇನೆ. ಅದು ಗುತ್ತೇದಾರ.

ಇದು ತಲೆಗೆ ಹೊಕ್ಕಿದ್ದು ಜೇವರ್ಗಿಯಿಂದ ಕಲಬುರಗಿಗೆ ಬರುವ ಬಸ್ಸಿನಲ್ಲಿ. ಕಟ್ಟಿ ಸಂಗಾವಿಯ ಭೀಮಾ ಸೇತುವೆ ದಾಟುವ ಹೊತ್ತು. ಮುಂದಿನ ಸೀಟಿನಲ್ಲಿ ಪಟಗಾ ಸುತ್ತಿದ ಒಬ್ಬ ಮುದುಕರು, ಅವರ ಪಕ್ಕದಲ್ಲಿ ಕಾಲೇಜಿನ ಹುಡುಗ. ನಮ್ಮ ಕಡೆ ಇಬ್ಬರು ಕೂತರೆ ಮಾತು ಹುಟ್ಟಲೇಬೇಕು.

“ಯಾ ಊರ ತಮ್ಮಾ ನಿಂದು?”

“ಅಫಜಲಪುರ ರೀ ಮುತ್ಯಾ.”

“ಅಡ್ಡೆಸರೇನು?”

“ಗುತ್ತೇದಾರ ರೀ.”

“ಹಂಗಾರ ನಿಮ್ಮ ಹಿರ್ಯಾರು ಸಿಂದಿ ಗುತ್ತ ಹಿಡೀತಿದ್ರೇನು?”

ಹುಡುಗ ಮುಖ ತಗ್ಗಿಸಿದ. “ಗೊತ್ತಿಲ್ರೀ ಮುತ್ಯಾ. ಅಪ್ಪಗ ಕೇಳಬೇಕು,” ಎಂದು ಕಿಟಕಿಯ ಕಡೆ ತಿರುಗಿದ. ಮುದುಕರ ಮಾತಿನಲ್ಲಿ ಕೊಂಕಿರಲಿಲ್ಲ. ಊರು ಕೇಳಿದಷ್ಟೇ ಸಲೀಸಾಗಿ ಅದನ್ನೂ ಕೇಳಿದ್ದರು. ಆದರೂ ಹುಡುಗನ ಮುಖ ಯಾಕೆ ತಗ್ಗಿತು ಎಂಬುದು ನನ್ನನ್ನು ಬಿಡಲಿಲ್ಲ.

ಗುತ್ತಗೆ ಎಂಬ ಮಾತು ಹಳೆಯದು, ವಿಜಯನಗರ ಕಾಲದ ಕನ್ನಡ ಶಾಸನಗಳಲ್ಲೇ ಇದೆ. ಇಂತಿಷ್ಟು ಎಂದು ಮೊದಲೇ ಗೊತ್ತುಮಾಡಿ ಭೂಮಿಯನ್ನೋ ತೆರಿಗೆಯ ಹಕ್ಕನ್ನೋ ಒಪ್ಪಿಸುವುದು ಗುತ್ತಗೆ. ಮಳೆ ಬರಲಿ ಬಿಡಲಿ, ಮಾತಾಡಿದ್ದನ್ನು ಕಟ್ಟಬೇಕು. ಮಿಕ್ಕಿದ್ದು ಹಿಡಿದವನದು, ಕೊರೆ ಬಿದ್ದರೆ ಅದೂ ಅವನದೇ. ಹಳೇ ಮೈಸೂರು ಕಡೆ ಕಟ್ಟುಗುತ್ತಗೆ ಎಂಬ ಜಮೀನಿನ ಪದ್ಧತಿಯೇ ಇತ್ತು. ತೆಲುಗಿನಲ್ಲೂ ಇದು ಗುತ್ತ. ಇದರ ಬಾಲಕ್ಕೆ ಪಾರಸಿಯ ‘ದಾರ’ ಬಂದು ಸೇರಿತು. ದಾರ ಎಂದರೆ ಹಿಡಿದವನು, ಉಳ್ಳವನು: ಜಹಗೀರದಾರ, ಇನಾಂದಾರ, ಜಮಾದಾರ, ಕಿಲ್ಲೇದಾರ. ನಮ್ಮವರೂ ‘ಗುತ್ತ ಹಿಡಿದ’ ಎಂದೇ ಹೇಳುತ್ತಾರೆ. ಪಾರಸಿಯ ದಾರ, ಕನ್ನಡದ ಹಿಡಿದವನು ಎರಡೂ ಒಂದೇ ಮುಷ್ಟಿ. ಇಷ್ಟು ಚೆಂದ ಕೂಡಿದ ಮಾತು ನಮ್ಮ ಸೀಮೆಯಲ್ಲಿ ಬಹಳಿಲ್ಲ ಎಂದು ನನಗೆ ಅನ್ನಿಸುತ್ತದೆ.

ದಾರಕ್ಕೆ ದಾರ ನೆನಪಾಗಿ ಬಿರಾದಾರ ಎಂದೀರಿ. ಬಿರಾದಾರರು ಬೀದರಿನಿಂದ ವಿಜಯಪುರದವರೆಗೆ ಎಲ್ಲಿ ಕಲ್ಲೆಸೆದರೂ ಇದ್ದಾರೆ. ಗುತ್ತೇದಾರರು ಹಾಗಲ್ಲ, ಎಣಿಸಿದಷ್ಟು ಮನೆ. ಅದೂ ಒಂದು ಗಡಿಯೊಳಗೆ.

ಆ ಗಡಿ ಯಾವುದು? ಇದನ್ನು ಕಂಡುಕೊಳ್ಳಲು ಮಾತಿನ ಜಾಡು ಹಿಡಿಯಬೇಕು. ಬೆಂಗಳೂರಿನ ಪತ್ರಿಕೆ ಓದಿ, ರಸ್ತೆ ಕೆಲಸ ಹಿಡಿದವನನ್ನು ಗುತ್ತಿಗೆದಾರ ಎನ್ನುತ್ತದೆ. ಪುಣೆಯ ಮರಾಠಿಯಲ್ಲಿ ಅವನು ಠೇಕೇದಾರ, ಕಂತ್ರಾಟದಾರ. ಅದೇ ಮರಾಠವಾಡಕ್ಕೆ ಬನ್ನಿ, ಬೀಡ, ನಾಂದೇಡ ಕಡೆ ಗುತ್ತೇದಾರ ಎನ್ನುತ್ತಾರೆ. ತೆಲಂಗಾಣಕ್ಕೆ ಹೋಗಿ, ತೆಲುಗಿನಲ್ಲೂ ಗುತ್ತೇದಾರು. ಮೂರು ಭಾಷೆ, ಒಂದೇ ಮಾತು. ಈ ಮೂರು ಸೀಮೆ ಕೂಡಿದರೆ ಏನಾಗುತ್ತದೆ? ನಿಜಾಮರ ಹೈದರಾಬಾದ್ ಸಂಸ್ಥಾನವಾಗುತ್ತದೆ. 1948ರ ಸೆಪ್ಟೆಂಬರಿನಲ್ಲಿ ಆ ರಾಜ್ಯ ಮುಗಿಯಿತು, 1956ರ ನವೆಂಬರ್ 1ಕ್ಕೆ ಅದರ ನೆಲವನ್ನು ಮೂರು ಭಾಷೆಯವರು ಹಂಚಿಕೊಂಡರು. ಭೂಪಟದಲ್ಲಿ ಅಳಿಸಿದ ಗೆರೆ ಜನರ ಬಾಯಲ್ಲಿ ಇನ್ನೂ ಉಳಿದಿದೆ. ಗುತ್ತೇದಾರ ಎಂಬ ಅಡ್ಡಹೆಸರು ಆ ಗೆರೆಯೊಳಗೆ ಹುಟ್ಟಿ ನಮ್ಮಲ್ಲಿ ಆಳಂದ, ಅಫಜಲಪುರದ ಸುತ್ತ ಬೇರು ಬಿಟ್ಟಿತು.

ಹರಾಜು ಎಂಬ ಮಾತನ್ನೇ ನೋಡಿ. ನಮ್ಮ ಕಡೆ ಅದು ಉರ್ದುವಿನ ಕೈ ಹಿಡಿದು ಬಂದದ್ದು, ಮೂಲ ಅರಬ್ಬಿ. ಧಾರವಾಡದ ಹಳಬರು ಲಿಲಾವು ಎನ್ನುತ್ತಾರೆ. ಅದು ಪೋರ್ಚುಗೀಸರಿಂದ ಮರಾಠಿಗೆ, ಮರಾಠಿಯಿಂದ ಅವರಿಗೆ. ಎರಡೂ ಕಡೆ ಕನ್ನಡಿಗರೇ, ಕೂಗಿ ಮಾರುವ ಕೆಲಸವೂ ಒಂದೇ, ಆದರೆ ಯಾವ ಸರಕಾರದ ಕಟ್ಟೆಯ ಮುಂದೆ ನಿಂತಿದ್ದೆವೋ ಅಲ್ಲಿಯ ಮಾತು ನಾಲಗೆಗೆ ಅಂಟಿತು.

ಆ ಕಟ್ಟೆಯ ಮುಂದೆ ಕೂಗುತ್ತಿದ್ದುದು ಮುಖ್ಯವಾಗಿ ಸಿಂದಿ, ಸಾರಾಯಿ. ಅಬಕಾರಿ ನಿಜಾಮರ ಬೊಕ್ಕಸದ ದೊಡ್ಡ ಆದಾಯಗಳಲ್ಲಿ ಒಂದಾಗಿತ್ತು. ಇಷ್ಟು ಹಳ್ಳಿಗಳಲ್ಲಿ ಒಂದು ವರ್ಷ ಮಾರುವ ಹಕ್ಕು ಹರಾಜಿಗೆ ಬರುತ್ತಿತ್ತು. ಹೆಚ್ಚು ಕೂಗಿದವನಿಗೆ ಗುತ್ತ. ಅವನು ಕಿಸ್ತು ಕಿಸ್ತಾಗಿ ಸರಕಾರಕ್ಕೆ ಹಣ ಕಟ್ಟಬೇಕು. ಈಚಲ ಗಿಡ ಹತ್ತಿ ಕೊರಳಿಗೆ ಗಡಿಗೆ ಕಟ್ಟಿ ನಸುಕಿನಲ್ಲಿ ಇಳಿಸುವವನು ಬೇರೆ. ಆ ಕಸುಬಿನವರಿಗೆ ನಮ್ಮಲ್ಲಿ ಈಳಿಗೇರ ಎಂಬ ಹೆಸರು, ತೆಂಕಣದಲ್ಲಿ ಈಡಿಗ. ಹತ್ತಿ ಇಳಿದವನು ಈಳಿಗೇರನಾಗಿ ಉಳಿದ. ಕಟ್ಟೆಯ ಮುಂದೆ ನಿಂತು ಕೂಗಿದವನು ಗುತ್ತೇದಾರನಾದ. ಅನೇಕ ಕಡೆ ಇಬ್ಬರೂ ಒಂದೇ ಸಮಾಜದವರು, ಒಂದೇ ಬಳಗದವರು. ಹೆಸರು ಮಾತ್ರ ಕವಲೊಡೆಯಿತು.

ರಮಾನಂದ ತೀರ್ಥರ ಮಾತು ಆಮೇಲೆ ಹೇಳುತ್ತೇನೆ ಎಂದಿದ್ದೆ. 1947ರಲ್ಲಿ ಅವರ ಮುಂದಾಳತನದ ಸ್ಟೇಟ್ ಕಾಂಗ್ರೆಸ್ ಭಾರತಕ್ಕೆ ಸೇರಿ ಎಂಬ ಚಳವಳಿ ಹೂಡಿದಾಗ ಸತ್ಯಾಗ್ರಹಿಗಳು ಕೊಡಲಿ ಹಿಡಿದು ಸಿಂದಿ ಗಿಡಗಳನ್ನು ಕಡಿದರು. ಗಿಡ ಬಿದ್ದರೆ ಅಬಕಾರಿ ಆದಾಯ ಬೀಳುತ್ತದೆ, ಆದಾಯ ಬಿದ್ದರೆ ಸರಕಾರ ಬಗ್ಗುತ್ತದೆ. ಮಂದಿಯ ಮನೆ ಹಾಳುಮಾಡುವ ಚಟವೂ ತಪ್ಪುತ್ತದೆ. ಆ ಲೆಕ್ಕ ಸರಿಯಾಗಿಯೇ ಇತ್ತು ಎಂದು ನನ್ನ ಭಾವನೆ. ಆದರೆ ಆ ಗಿಡಗಳನ್ನೇ ನಂಬಿದ್ದ ಈಳಿಗೇರನ ಒಲೆಯೂ ಆರಿತಲ್ಲ, ಅದನ್ನು ನಾವು ಚಳವಳಿಯ ಕತೆಯಲ್ಲಿ ಹೇಳುವುದೇ ಇಲ್ಲ. ಹೇಳಬೇಕು. ಖೇಡಗಿಕರ ಎಂಬ ಹೆಸರು ಬಿಟ್ಟ ಒಬ್ಬರು, ಗುತ್ತೇದಾರ ಎಂಬ ಹೆಸರಿನ ಬೇರಿಗೇ ಕೊಡಲಿ ಹಾಕಿಸಿದರು. ಬೇರು ಮಾತ್ರ ಕಡಿಯಲಿಲ್ಲ. ಮೈಸೂರು ರಾಜ್ಯಕ್ಕೆ ಸೇರಿದ ಮೇಲೂ ಅಂಗಡಿಗಳ ಹರಾಜು ನಡೆದೇ ಇತ್ತು. 2007ರ ಜುಲೈನಲ್ಲಿ ರಾಜ್ಯದಲ್ಲಿ ಸಾರಾಯಿ ನಿಂತಿತು. ಅದಕ್ಕಾಗಿ ವರ್ಷಗಟ್ಟಲೆ ಬೀದಿಗಿಳಿದ ಹೆಣ್ಣುಮಕ್ಕಳಿಗೆ ನನ್ನ ನಮಸ್ಕಾರ.

ಕಸುಬು ಹೋಯಿತು, ಹೆಸರು ನಿಂತಿತು. ಇದು ಗುತ್ತೇದಾರರಿಗೆ ಮಾತ್ರ ಆದದ್ದಲ್ಲ. ಹಳ್ಳಿಯ ವಂಶಪಾರಂಪರ್ಯ ಹುದ್ದೆಗಳನ್ನು ರದ್ದು ಮಾಡುವ ಕಾಯದೆ 1961ರಲ್ಲಿ ಆಗಿ, 1963ರ ಫೆಬ್ರುವರಿಯಿಂದ ಜಾರಿಗೆ ಬಂತು. ಪಾಟೀಲಕಿ ಹೋಯಿತು, ಪಾಟೀಲರು ಉಳಿದರು. ಕುಲಕರ್ಣಿಕಿ ಹೋಯಿತು, ಕುಲಕರ್ಣಿಗಳು ಉಳಿದರು. ನಮ್ಮ ಕಡೆ ಮಾಲಿಪಾಟೀಲ ಎಂದು ಇನ್ನೊಂದು ಹೆಸರಿದೆ. ತೆಂಕಣದವರು ಕೇಳಿ, ಹೂದೋಟದ ಮಾಲಿ ಎಂದುಕೊಳ್ಳುತ್ತಾರೆ. ತೋಟಕ್ಕೂ ಇದಕ್ಕೂ ಏನೂ ಸಂಬಂಧವಿಲ್ಲ. ಉರ್ದುವಿನ ಮಾಲ್ ಎಂದರೆ ಕಂದಾಯ. ನಿಜಾಮರ ಹಳ್ಳಿಯಲ್ಲಿ ಕಂದಾಯಕ್ಕೆ ಒಬ್ಬ ಪಾಟೀಲ, ಅವನು ಮಾಲಿಪಾಟೀಲ. ಕಾವಲು, ಕಳವು, ಜಗಳಕ್ಕೆ ಇನ್ನೊಬ್ಬ, ಅವನು ಪೊಲೀಸ್ ಪಾಟೀಲ. ಎರಡೂ ಈಗ ಅಡ್ಡಹೆಸರುಗಳು. ಪೊಲೀಸ್ ಪಾಟೀಲ ಎಂಬ ಹೆಸರಿನ ನನ್ನ ಗೆಳೆಯರೊಬ್ಬರು ಸಾಲೆಯ ಮಾಸ್ತರರು, ಬಹಳ ಮೆತ್ತಗಿನ ಮನುಷ್ಯ.

ಪಾಟೀಲರು ಎಷ್ಟು ಮಂದಿ ಎಂದರೆ, ಅವರಿಗೆ ಪಾಟೀಲ ಎಂದಷ್ಟೇ ಹೇಳಿ ಸಾಗುವುದಿಲ್ಲ, ಹಿಂದೆ ಊರು ಹಚ್ಚಬೇಕು. ಜೇವರ್ಗಿಯ ಶಾಸಕರಾಗಿದ್ದ ದೊಡ್ಡಪ್ಪಗೌಡ ಪಾಟೀಲ ನರಿಬೋಳರ ಹೆಸರಿನಲ್ಲಿ ಗೌಡಕಿ ಇದೆ, ಪಾಟೀಲಕಿ ಇದೆ, ನರಿಬೋಳ ಎಂಬ ಊರೂ ಇದೆ. ಗುತ್ತೇದಾರರಿಗೆ ಈ ತಾಪತ್ರಯವಿಲ್ಲ, ಆ ಒಂದು ಮಾತೇ ಸಾಕು.

ಚುನಾವಣೆಯ ಹೊತ್ತಿಗೆ ಈ ಎರಡು ಹೆಸರು ಎದುರುಬದುರು ನಿಂತದ್ದನ್ನು ನೋಡಿದಾಗ ನನಗೆ ಹಳೆಯ ಕಚೇರಿಯ ದಫ್ತರ ಬಿಚ್ಚಿದಂತೆ ಆಗುತ್ತದೆ. ಆಳಂದದಲ್ಲಿ 2018ರಲ್ಲಿ ಸುಭಾಷ್ ಗುತ್ತೇದಾರರು ಬಿ.ಆರ್. ಪಾಟೀಲರನ್ನು 697 ಮತಗಳಿಂದ ಸೋಲಿಸಿದರು. 2023ರಲ್ಲಿ ಪಾಟೀಲರು ಗೆದ್ದರು. ಅಫಜಲಪುರದಲ್ಲಿ ಎರಡೂ ಸಲ ಎಂ.ವೈ. ಪಾಟೀಲರು ಗೆದ್ದರು, ಎದುರಿಗೆ ಮಾಲೀಕಯ್ಯ ಗುತ್ತೇದಾರರು. 2023ರಲ್ಲಿ ಅವರ ತಮ್ಮ ನಿತಿನ್ ಗುತ್ತೇದಾರರೂ ಕಣದಲ್ಲಿದ್ದರು. ಯಾರು ಯಾವ ಪಕ್ಷ ಎಂಬುದು ನನ್ನ ವಿಷಯವಲ್ಲ. ಒಂದು ಹೆಸರು ಹೊಲದ ಕಂದಾಯದ ಬಾಗಿಲಿನಿಂದ ಬಂದದ್ದು, ಇನ್ನೊಂದು ಅಬಕಾರಿಯ ಬಾಗಿಲಿನಿಂದ. ಬೊಕ್ಕಸದ ಎರಡು ಬಾಗಿಲು ಈಗ ಮತಪೆಟ್ಟಿಗೆಯ ಮುಂದೆ ಬಂದು ನಿಂತಿವೆ.

ಅಡ್ಡಹೆಸರಿನ ಬೇರು ಹುಡುಕುವ ಈ ಕೆಲಸವನ್ನು ಇಂಗ್ಲೆಂಡಿನವರು ಬಹಳ ಶ್ರದ್ಧೆಯಿಂದ ಮಾಡುತ್ತಾರೆ. ಅಲ್ಲಿ 1881ರ ಜನಗಣತಿಯ ಹೆಸರುಗಳನ್ನೆಲ್ಲ ಬಿಡಿಸಿ, ಯಾವ ಅಡ್ಡಹೆಸರು ಯಾವ ಸೀಮೆಯಲ್ಲಿ ಎಷ್ಟು ದಟ್ಟ ಎಂದು ನಕ್ಷೆ ತೆಗೆದಿದ್ದಾರೆ. ಅವರಲ್ಲಿ ಫಾರ್ಮರ್ ಎಂಬ ಅಡ್ಡಹೆಸರಿದೆ. ಈಗ ಆ ಮಾತಿಗೆ ರೈತ ಎಂದು ಅರ್ಥ. ಹೆಸರು ಹುಟ್ಟಿದ ಕಾಲಕ್ಕೆ ಅರ್ಥ ಬೇರೆ: ಇಂತಿಷ್ಟು ಹಣ ಕಟ್ಟುತ್ತೇನೆಂದು ಒಪ್ಪಿ ತೆರಿಗೆ ಎತ್ತುವ ಹಕ್ಕು ಹಿಡಿದವನು. ಲ್ಯಾಟಿನ್ನಿನ ಫಿರ್ಮಾ ಎಂದರೆ ಗೊತ್ತುಮಾಡಿದ ಮೊತ್ತ. ಅಂದರೆ ಫಾರ್ಮರ್ ಎಂಬುವನು ನಮ್ಮ ಗುತ್ತೇದಾರನೇ! ಇದು ಗೊತ್ತಾದ ದಿನ ನನಗೆ ಆದ ಸಂತೋಷ ಹೇಳತೀರದು. ಬಸ್ಸಿನ ಆ ಹುಡುಗ ಸಿಕ್ಕಿದ್ದರೆ ಮೊದಲು ಅವನಿಗೇ ಹೇಳುತ್ತಿದ್ದೆ: ಮುಖ ತಗ್ಗಿಸಬೇಡ ತಮ್ಮಾ, ನಿನ್ನ ಹೆಸರಿನ ಅಣ್ಣತಮ್ಮಂದಿರು ಏಳು ಸಮುದ್ರದಾಚೆಗೂ ಇದ್ದಾರೆ.

ಕಾಗದಪತ್ರದಲ್ಲಿ ಈ ಹೆಸರಿಗೆ ಆಗುವ ಅನ್ಯಾಯ ನೋಡಿದರೆ ಮಾತ್ರ ಸಿಟ್ಟು ಬರುತ್ತದೆ. ನನ್ನ ಪರಿಚಯದ ಮನೆಯೊಂದರಲ್ಲಿ ಅಪ್ಪ ಗುತ್ತೇದಾರ, ಮಗಳು ಗುತ್ತಿಗೆದಾರ. ಮಗಳು ಓದಲು ತೆಂಕಣದ ಒಂದು ಊರಿಗೆ ಹೋದಾಗ ಅಲ್ಲಿ ಅರ್ಜಿ ತುಂಬಿಕೊಂಡವರು ತಪ್ಪು ಕಾಗುಣಿತವೆಂದು ತಿದ್ದಿಬಿಟ್ಟರು. ಅವರ ಉದ್ದೇಶ ಕೆಟ್ಟದ್ದಿರಲಿಕ್ಕಿಲ್ಲ. ಆದರೆ ಆ ‘ತ್ತೇ’ ಅಕ್ಷರದಲ್ಲಿ ಒಂದು ಸಂಸ್ಥಾನದ ಗಡಿ ಇತ್ತು, ತೆಲುಗು ಮರಾಠಿ ಕನ್ನಡಗಳ ಕೂಡು ಬಾಳ್ವೆ ಇತ್ತು. ತಿದ್ದಿದ ಮೇಲೆ ಉಳಿದದ್ದು ಟೆಂಡರ್ ಜಾಹೀರಾತಿನ ಮಾತು. ಅಡ್ಡಹೆಸರಿಗೆ ಕಾಗುಣಿತದ ತಪ್ಪಿರುವುದಿಲ್ಲ. ಮನೆಯವರು ಹೇಗೆ ಹೇಳುತ್ತಾರೋ ಅದೇ ಸರಿ.

ಆಳಂದ, ಅಫಜಲಪುರ, ಜೇವರ್ಗಿಯ ಮನೆಗಳಲ್ಲಿ, ಗುತ್ತೇದಾರರಿರಲಿ, ಮಾಲಿಪಾಟೀಲರಿರಲಿ, ಹಳೆಯ ಕಾಗದಗಳ ಗಂಟು ಅಟ್ಟದ ಮೇಲೋ ಟ್ರಂಕಿನ ತಳದಲ್ಲೋ ಇರುತ್ತದೆ. ಹರಾಜಿನ ಪಾವತಿ, ಕಿಸ್ತಿನ ರಸೀದಿ, ಪಾಟೀಲಕಿಯ ಸನದು. 1948ಕ್ಕೆ ಹಿಂದಿನ ಸರಕಾರಿ ಕಾಗದ ಬಹುಪಾಲು ಉರ್ದುವಿನಲ್ಲಿದೆ, ಅದೂ ಗುಮಾಸ್ತರ ಓಟದ ಬರಹ. ನಿಜಾಮರ ಕಾಲದ ಉರ್ದು ಸಾಲೆಯಲ್ಲಿ ಕಲಿತು ಆ ಕೈಬರಹವನ್ನು ಸಲೀಸಾಗಿ ಓದಬಲ್ಲ ಹಿರಿಯರಿಗೆ ಈಗ ತೊಂಬತ್ತರ ಹತ್ತಿರ ವಯಸ್ಸು. ನಿಮ್ಮ ಓಣಿಯಲ್ಲಿ ಅಂಥ ಮುತ್ಯಾ ಒಬ್ಬರಿದ್ದರೆ ಈ ಭಾನುವಾರವೇ ಗಂಟು ಬಿಚ್ಚಿಕೊಂಡು ಅವರ ಕಟ್ಟೆಗೆ ಹೋಗಿ ಕೂಡಿರಿ. ಅವರು ಓದಲಿ, ನೀವು ಕನ್ನಡದಲ್ಲಿ ಬರೆದುಕೊಳ್ಳಿ.